ಅಂಗಳಕ್ಕೆ ಬಂದ ಕ್ಲಚ್ಚು

ಹಿಟ್ಟಿನ ಗಿರಣಿಗೆ ಜೋಳದ ಬುಟ್ಟಿ ಹೊತ್ತು ಹೋದವರಿಗೆಲ್ಲ ಕ್ಲಚ್ಚು ಎಂದರೇನೆಂದು ಗೊತ್ತು. ಹೆಸರು ಗೊತ್ತಿಲ್ಲ, ಅಷ್ಟೇ. ನಾನು ಚಿಕ್ಕವಳಿದ್ದಾಗ ಮಾನ್ವಿಯಲ್ಲಿ ಕಂಡ ಗಿರಣಿಯಲ್ಲಿ ಎಂಜಿನ್ನು ಒಂದೇ ಸವನೆ ಡಬ್ ಡಬ್ ಎನ್ನುತ್ತಿತ್ತು. ಅದರಿಂದ ಬಂದ ಉದ್ದನೆಯ ಪಟ್ಟಾ ಒಂದು ಗಾಲಿಯ ಮೇಲೆ ಸುತ್ತುತ್ತಿತ್ತು. ಆ ಗಾಲಿಯ ಮಗ್ಗುಲಿಗೇ ಅದೇ ಅಳತೆಯ ಇನ್ನೊಂದು ಗಾಲಿ. ಒಂದು ಬೀಸುವ ಕಲ್ಲಿನ ಅಚ್ಚಿಗೆ ಬಿಗಿದದ್ದು, ಇನ್ನೊಂದು ಅದೇ ಅಚ್ಚಿನ ಮೇಲೆ ಸುಮ್ಮನೆ ಸಡಿಲವಾಗಿ ತಿರುಗುವಂಥದು. ಗಿರಣಿಯವನು ಕಟ್ಟಿಗೆಯಿಂದ ಪಟ್ಟಾವನ್ನು ಸಡಿಲು ಗಾಲಿಗೆ ಸರಿಸಿದನೆಂದರೆ ಕಲ್ಲು ನಿಲ್ಲುತ್ತಿತ್ತು, ಎಂಜಿನ್ನು ನಿಲ್ಲುತ್ತಿರಲಿಲ್ಲ. ಒಬ್ಬರ ಹಿಟ್ಟು ತೆಗೆದು ಇನ್ನೊಬ್ಬರ ಕಾಳು ಸುರಿದ ಮೇಲೆ ಪಟ್ಟಾ ಮತ್ತೆ ಬಿಗಿ ಗಾಲಿಗೆ ಬರುತ್ತಿತ್ತು. ಓಡುವ ಎಂಜಿನ್ನನ್ನು ಕೆಲಸದಿಂದ ಬಿಡಿಸುವುದು, ಮತ್ತೆ ಮೆಲ್ಲಗೆ ಕೂಡಿಸುವುದು. ಕ್ಲಚ್ಚಿನ ಕೆಲಸ ಇಷ್ಟೇ.

ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟು ಪಡೆದ ಮೂರು ಗಾಲಿಯ ಮೋಟಾರಿನಲ್ಲೂ ಇದೇ ಗಿರಣಿಯ ಉಪಾಯವಿತ್ತು: ತೊಗಲಿನ ಪಟ್ಟಾ, ಒಂದು ಬಿಗಿ ಗಾಲಿ, ಒಂದು ಸಡಿಲು ಗಾಲಿ. ಆ ಮೋಟಾರನ್ನು ಕೊಳ್ಳುವವರಿಲ್ಲದೆ ಗಂಡ ಕೈಚೆಲ್ಲಿ ಕೂತಿದ್ದಾಗ, 1888ರ ಆಗಸ್ಟಿನಲ್ಲಿ ಹೆಂಡತಿ ಬೆರ್ತಾ ಅವನಿಗೆ ಹೇಳದೆಯೇ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರುಮನೆಗೆ ಹೊರಟುಬಿಟ್ಟಳು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಎಣ್ಣೆಯ ಕೊಳವೆ ಕಟ್ಟಿಕೊಂಡರೆ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕಿನ ಕಟ್ಟಿಗೆ ಸವೆದಾಗ ಚಪ್ಪಲಿ ಹೊಲಿಯುವವನನ್ನು ಹುಡುಕಿ ಅದಕ್ಕೆ ತೊಗಲು ಹೊಡೆಸಿದಳು. ಮೋಟಾರು ರಿಪೇರಿ ಗಂಡಸರ ಕೆಲಸವೆಂದು ಯಾವಾಗ ಯಾರು ಗೊತ್ತುಮಾಡಿದರೋ, ಅವರಿಗೆ ಈ ಕತೆ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಮುಂದೆ ಪಟ್ಟಾ ಹೋಗಿ ಲಾಳಿಕೆಯಾಕಾರದ ಕ್ಲಚ್ಚು ಬಂತು, ಅದಕ್ಕೂ ತೊಗಲಿನದೇ ಹೊದಿಕೆ. ತೊಗಲು ಒಣಗಿದರೆ ಕಾರು ಜಿಗಿಯುತ್ತಿತ್ತು, ಎಣ್ಣೆ ಹೆಚ್ಚಾದರೆ ಜಾರುತ್ತಿತ್ತು. ಆಮೇಲೆ ಬಂದದ್ದು ಈಗ ನಾವೆಲ್ಲ ಕೇಳುವ ಕ್ಲಚ್ ಪ್ಲೇಟು. ಎರಡು ಉಕ್ಕಿನ ಮುಖಗಳ ನಡುವೆ, ರೊಟ್ಟಿಯಂತೆ ದುಂಡಗಿನ ತಟ್ಟೆ, ಅದರ ಎರಡೂ ಬದಿಗೆ ಒರಟು ಹೊದಿಕೆ. ಸ್ಪ್ರಿಂಗುಗಳು ಅದನ್ನು ಒತ್ತಿ ಹಿಡಿದಿರುತ್ತವೆ. ಕಾಲಿನಿಂದ ಪೆಡಲು ತುಳಿದರೆ ಹಿಡಿತ ಬಿಡುತ್ತದೆ, ಮೆಲ್ಲಗೆ ಬಿಟ್ಟರೆ ತಟ್ಟೆ ತುಸು ಜಾರುತ್ತ ಜಾರುತ್ತ ಹಿಡಿಯುತ್ತದೆ. ಆ ಜಾರುವಿಕೆಯಲ್ಲೇ ಹೊದಿಕೆ ಸವೆಯುವುದು, ಸವೆದದ್ದೆಲ್ಲ ಪುಡಿಯಾಗಿ ಒಳಗೇ ಕೂಡುವುದು. ಈ ಪುಡಿಯ ಮಾತಿಗೆ ಆಮೇಲೆ ಬರುತ್ತೇನೆ.

ರಾಯಚೂರಿನಲ್ಲಿ ನನ್ನ ಸೋದರಮಾವನದು ವಕೀಲಿಕೆ. ಅವರ ಹತ್ತಿರ ಹಳೆಯದಾಗಿ ಕೊಂಡ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇತ್ತು. ಇದು ಬ್ರಿಟನ್ನಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂದು ಹುಟ್ಟಿ, 1961ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿದ ಕಾರು. ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ಇದೇ ಹೆರಾಲ್ಡಿನ ಅಡಿಗಟ್ಟನ್ನು ಗಿಡ್ಡ ಮಾಡಿ, 1962ರಲ್ಲಿ ಟ್ರಯಂಫ್‌ನವರು ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹೊರತಂದರು. ಅದು 1965ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ತನ್ನ ವರ್ಗದಲ್ಲಿ ಗೆದ್ದಿತು ಕೂಡ. ನಮ್ಮ ಮಾವನ ಕಾರು ಮಾತ್ರ ದೇವದುರ್ಗದ ಕಕ್ಷಿದಾರರನ್ನು, ಅವರ ಶೇಂಗಾ ಚೀಲಗಳನ್ನು ಹೊತ್ತು ಓಡಾಡುತ್ತಿತ್ತು. ಪಂದ್ಯದ ಕಾರಿನ ಅಕ್ಕನೆಂಬ ಬಿಗುಮಾನ ಅದಕ್ಕೇನೂ ಇರಲಿಲ್ಲ.

1974ರ ಮಳೆಗಾಲ. ದೇವದುರ್ಗದ ದಾರಿಯಲ್ಲಿ, ಗಬ್ಬೂರು ದಾಟಿ ಒಳಹಾದಿಗೆ ಇಳಿದಾಗ ಕಾರು ಎರೆಮಣ್ಣಿನಲ್ಲಿ ಹೂತುಕೊಂಡಿತು. ಎರೆಮಣ್ಣು ಹಿಡಿದರೆ ಬಿಡುವಂಥದಲ್ಲ. ಎತ್ತಿನ ಗಾಡಿಯವರಿಗೆ ಕೇಳಿನೋಡಿ. ಅರ್ಧ ಕ್ಲಚ್ಚು ಹಿಡಿದು ಹಿಂದೆ ಮುಂದೆ ಜಗ್ಗಿ ಜಗ್ಗಿ ಹೇಗೋ ಊರು ಮುಟ್ಟಿಸಿದರು. ಮರುದಿನ ಎಂಜಿನ್ನು ಅರಚುತ್ತಿತ್ತು, ಕಾರು ಕದಲುತ್ತಿರಲಿಲ್ಲ. ಸುಟ್ಟ ಕಂಬಳಿಯ ವಾಸನೆ. ಪ್ಲೇಟು ಮದ್ರಾಸಿನಿಂದ ರೈಲು ಪಾರ್ಸಲ್ಲಿನಲ್ಲಿ ಬಂತು. ಮುಂಬಯಿ–ಮದ್ರಾಸ್ ಹಳಿ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ, ಆ ಅನುಕೂಲ ನಮಗೆ ನೂರು ವರ್ಷದ್ದು.

ಕಾರನ್ನು ಎಳೆದೊಯ್ಯುವ ಬದಲು ಉಸ್ತಾದರೇ ಮನೆಗೆ ಬಂದರು, ಒಬ್ಬ ಹುಡುಗ, ಒಂದು ಚೀಲ ಪಾನಾಗಳ ಜೊತೆ. ಮನೆಯಲ್ಲೇ ಆಗುವ ಕೆಲಸವೇ ಎಂದು ಅತ್ತಿ ಕೇಳಿದ್ದಕ್ಕೆ, "ಈ ಗಾಡೀದು ಹೊಟ್ಟ್ಯಾಗಿಂದ ತಗೀಬೇಕ್ರಿ ಅಮ್ಮಾರ, ಕೆಳಗಿಂದಲ್ಲ" ಎಂದರು. ನಿಜವೇ. ಬೇರೆ ಎಷ್ಟೋ ಕಾರುಗಳಲ್ಲಿ ಗೇರ್ ಬಾಕ್ಸನ್ನು ಕೆಳಗಿನಿಂದ ಇಳಿಸಬೇಕು, ಗುಂಡಿ ಬೇಕು. ಹೆರಾಲ್ಡಿನಲ್ಲೂ ಅದರ ತಂಗಿ ಸ್ಪಿಟ್‌ಫೈರಿನಲ್ಲೂ ಗೇರ್ ಬಾಕ್ಸು ಕೂಡುವ ಜಾಗದಿಂದಲೇ ಮೇಲೆ ಬರುತ್ತದೆ.

ಮೊದಲು ಬ್ಯಾಟರಿಯ ತಂತಿ ಬಿಚ್ಚಿದರು. ಮುಂದಿನ ಎರಡು ಸೀಟು ಪಡಸಾಲೆಗೆ ಬಂದವು. ಮಾವ ಒಂದರ ಮೇಲೆ ಕೂತು ಪೇಪರು ಓದಿದರು. ನಡುವಿನ ಡುಬ್ಬದ ಮುಚ್ಚಳ ತೆಗೆದರೆ ಗೇರ್ ಬಾಕ್ಸು ಮಲಗಿತ್ತು. ಹಿಂದಿನ ಗಾಲಿಗಳಿಗೆ ಹೋಗುವ ದಂಡ, ಮೀಟರಿನ ಕೇಬಲು, ಕ್ಲಚ್ಚಿನ ಎಣ್ಣೆಯ ಸಿಲಿಂಡರು ಎಲ್ಲ ಬಿಡಿಸಿದರು. ಎಂಜಿನ್ನು ಬಾಗದಂತೆ ಅಡಿಗೆ ಹಲಗೆಯಿಟ್ಟು ಜಾಕು ಕೊಟ್ಟರು. ಬೋಲ್ಟುಗಳಿಗೆ ಅತ್ತಿಯ ಬಟ್ಟಲುಗಳು: ಇದರಲ್ಲಿ ಮೇಲಿನವು, ಇದರಲ್ಲಿ ಕೆಳಗಿನವು. ಈ ಒಂದು ಪದ್ಧತಿ ಅಡುಗೆಮನೆಯಿಂದ ಬಂದದ್ದೆಂದು ನನ್ನ ಖಾತ್ರಿ. ಕೊನೆಗೆ ಉಸ್ತಾದರೂ ಹುಡುಗನೂ ಗೇರ್ ಬಾಕ್ಸನ್ನು ಹಿಂದಕ್ಕೆ ಜಗ್ಗಿ, ತಿರುವಿ, ಕೂಸನ್ನು ತೊಟ್ಟಿಲಿನಿಂದ ಎತ್ತಿದ ಹಾಗೆ ಬಾಗಿಲಿನಿಂದ ಹೊರಗೆ ತಂದರು. ನಾನು ಲೈಟು ಹಿಡಿದಿದ್ದೆ. ಒಳಗಿನ ಮುಚ್ಚಳದ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿದಾಗ ಪ್ಲೇಟು ಕೈಗೆ ಬಂತು: ಆರೂಕಾಲು ಅಂಗುಲದ್ದು, ಹೊದಿಕೆ ಕೆಳಗಿನ ರಿವೆಟ್ಟು ಕಾಣುವಷ್ಟು ಸವೆದದ್ದು.

ಮುಚ್ಚಳದೊಳಗೆ ಬೂದುಗಪ್ಪು ಪುಡಿ. ಉಸ್ತಾದರು ಅದನ್ನು ಫರಸಿಗೆ ತಟ್ಟಿದರು, ಉಳಿದದ್ದನ್ನು ಉಫ್ ಎಂದು ಊದಿದರು. ಬಿಸಿಲುಕೋಲಿನಲ್ಲಿ ಅದು ಬಹಳ ಹೊತ್ತು ತೇಲಿತು. ಸಂಜೆಯೊಳಗೆ ಹೊಸ ಪ್ಲೇಟು ಕೂತಿತು. ನಡು ಸರಿಯಾಗಿ ಹೊಂದಲೆಂದು ಹಳೆಯ ಗೇರ್ ಬಾಕ್ಸಿನ ಒಂದು ದಂಡವನ್ನು ತೂರಿಸಿ ನೋಡಿ ಬಿಗಿದರು. ಅದು ಕೂದಲೆಳೆಯಷ್ಟು ಸರಿದಿದ್ದರೂ ಗೇರ್ ಬಾಕ್ಸು ಒಳಹೋಗದು.

ಆ ಪುಡಿಯ ಚರಿತ್ರೆಯನ್ನು ನಾನು ಓದಿದ್ದು ಬಹಳ ತಡವಾಗಿ. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬುವನು, ಇಳಿಜಾರಿನಲ್ಲಿ ಗಾಡಿಯವರು ಬ್ರೇಕಿಗೆ ಹಳೆಯ ಬೂಟು ಕಟ್ಟುವುದನ್ನು ನೋಡಿ, 1897ರಲ್ಲಿ ಅದಕ್ಕಿಂತ ಒಳ್ಳೆಯ ಹೊದಿಕೆ ಮಾಡಲು ಹೊರಟ. ಮೊದಮೊದಲು ಅಂಟು ಕುಡಿಸಿದ ಹತ್ತಿಯ ನೆಯ್ಗೆ. ಹತ್ತಿಯ ನಾಡಿನವಳಾದ ನನಗೆ ಇದು ಹಿಡಿಸಿತು. ಕಂಪನಿಗೆ ಫೆರೋಡೊ ಎಂದು ಹೆಸರಿಟ್ಟ. ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ, ಹೆಂಡತಿ ಎಲಿಜಬೆತ್ತಳ ಮೊದಲಕ್ಷರವನ್ನು ಸೇರಿಸಿದನೆಂದು ಹೇಳುತ್ತಾರೆ. ಆದರೆ ಹತ್ತಿ ಬಿಸಿಗೆ ಸುಡುತ್ತದೆ. ಸುಡದ ನೂಲು ಬೇಕಾಗಿತ್ತು. ಅದು ಕಲ್ಲಿನೊಳಗಿತ್ತು. ಕನ್ನಡದಲ್ಲಿ ಅದಕ್ಕೆ ಕಲ್ನಾರು ಎಂಬ ಒಳ್ಳೆಯ ಹೆಸರಿದೆ: ಅಸ್ಬೆಸ್ಟಾಸ್. ಮುಂದಿನ ಎಷ್ಟೋ ದಶಕ ಜಗತ್ತಿನ ಬ್ರೇಕು, ಕ್ಲಚ್ಚುಗಳೆಲ್ಲ ಕಲ್ನಾರಿನ ಹೊದಿಕೆಯಲ್ಲೇ ನಡೆದವು.

ಅದರ ದೂಳು ಕೇಡೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಬ್ರಿಟನ್ನಿನ ಮೊದಲ ಮಹಿಳಾ ಕಾರ್ಖಾನೆ ಇನ್ಸ್‌ಪೆಕ್ಟರುಗಳಲ್ಲಿ ಒಬ್ಬಳಾದ ಲೂಸಿ ಡೀನ್, 1898ರ ವರದಿಯಲ್ಲೇ ಬರೆದಿಟ್ಟಿದ್ದಳು: ಸೂಕ್ಷ್ಮದರ್ಶಕದಲ್ಲಿ ಆ ಕಣಗಳು ಗಾಜಿನ ಚೂರಿನಂತೆ ಮೊನೆಯಾಗಿವೆ, ಉಸಿರಾಡಿದವರಿಗೆ ಹಾನಿಯಾಗುತ್ತಿದೆ ಎಂದು. ವರದಿ ಕಪಾಟು ಸೇರಿತು. ರಾಚ್‌ಡೇಲಿನ ನೆಲ್ಲಿ ಕರ್ಷಾ ಹನ್ನೆರಡರ ವಯಸ್ಸಿಗೆ ಹತ್ತಿಯ ಗಿರಣಿ ಸೇರಿ, ಕೆಲವೇ ತಿಂಗಳಲ್ಲಿ ಕಲ್ನಾರಿನ ಗಿರಣಿಗೆ ಹೋದ ಹುಡುಗಿ. 1924ರಲ್ಲಿ, ಮೂವತ್ತಮೂರಕ್ಕೆ, ಪುಪ್ಪುಸ ಕಲ್ಲಾಗಿ ಸತ್ತಳು. ಡಾಕ್ಟರ್ ಕುಕ್ ಅವಳ ಪುಪ್ಪುಸದಲ್ಲಿ ಕಂಡದ್ದನ್ನು ವೈದ್ಯಪತ್ರಿಕೆಯಲ್ಲಿ ಬರೆದರು. ಆ ರೋಗಕ್ಕೆ ಒಂದು ಹೆಸರೂ ಬಂತು. ಅವಳ ಕಾರ್ಖಾನೆ ಟರ್ನರ್ ಬ್ರದರ್ಸ್ ಮಾತ್ರ ಪರಿಹಾರ ಕೊಡಲಿಲ್ಲ. ಒಬ್ಬಳಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದಲ್ಲ. ಫ್ರೂಡನ ಫೆರೋಡೊ ಅದೇ 1920ರ ದಶಕದಲ್ಲಿ ಆ ಕಂಪನಿಯ ಬಳಗವನ್ನೇ ಸೇರಿತು.

ನನ್ನನ್ನು ತಡೆದು ನಿಲ್ಲಿಸಿದ್ದು 1965ರ ಲಂಡನ್ನಿನ ಒಂದು ಅಧ್ಯಯನ. ಮ್ಯೂರಿಯಲ್ ನ್ಯೂಹೌಸ್, ಹಿಲ್ಡಾ ಥಾಮ್ಸನ್ ಎಂಬಿಬ್ಬರು ಹೆಂಗಸರು, ಪುಪ್ಪುಸದ ಹೊದಿಕೆಗೂ ಹೊಟ್ಟೆಯ ಒಳಪದರಕ್ಕೂ ಬರುವ ಒಂದು ಅಪರೂಪದ ಕ್ಯಾನ್ಸರಿನ ರೋಗಿಗಳ ಹಿಂದಿನ ಬದುಕನ್ನು ಕೆದಕಿದರು. ಕಾರ್ಖಾನೆಯ ಮೆಟ್ಟಿಲನ್ನೇ ತುಳಿಯದ ಹೆಂಗಸರೂ ಅವರಲ್ಲಿದ್ದರು. ಅವರು ಮಾಡಿದ್ದು ಗಂಡನ ಕೆಲಸದ ಬಟ್ಟೆ ಕೊಡವಿ ಒಗೆದದ್ದು, ಅಷ್ಟೇ. ರೋಗ ಕಾಣಿಸುವುದು ಇಪ್ಪತ್ತು, ಮೂವತ್ತು, ನಾಲ್ವತ್ತು ವರ್ಷದ ಮೇಲೆ.

ಒಂದು ದಿನ ಅಂಗಳದಲ್ಲಿ ತೇಲಿದ ಪುಡಿಯನ್ನು ಕಾರ್ಖಾನೆಯ ದೂಳಿಗೆ ಸಮ ಮಾಡುವುದು ತಪ್ಪು. ಪ್ಲೇಟಿನ ಪುಡಿಯಲ್ಲಿ ಹೆಚ್ಚಿನ ಪಾಲು ಸುಟ್ಟು ಗುಣಗೆಟ್ಟಿರುತ್ತದೆ ಎನ್ನುತ್ತಾರೆ. ನಮ್ಮ ಅತ್ತಿಯಂತೂ ಮರುದಿನ ನಸುಕಿನಲ್ಲಿ ಎಂದಿನಂತೆ ಚಳೆ ಹೊಡೆದೇ ಕಸ ಗುಡಿಸಿದಳು. ಕಲ್ನಾರಿನ ದೂಳನ್ನು ಒಣಗಿದ್ದಾಗ ಗುಡಿಸಬಾರದು, ಒದ್ದೆ ಮಾಡಬೇಕು ಎಂಬ ಈಗಿನ ನಿಯಮ ಅವಳಿಗೆ ತಾನಾಗಿ ಬಂದಿತ್ತು. ಆದರೆ ಉಸ್ತಾದರಿಗೆ ಅದು ಒಂದು ದಿನದ ಪುಡಿಯಲ್ಲ. ಅವರ ಮೈಮೇಲಿನ ಆ ನೀಲಿ ಅಂಗಿಯನ್ನು ದಿನಾಲು ಕೊಡವಿ, ಕಲ್ಲಿಗೆ ಬಡಿದು ಒಗೆದ ಹೆಂಗಸೊಬ್ಬಳು ರಾಯಚೂರಿನ ಯಾವುದೋ ಓಣಿಯಲ್ಲಿದ್ದಳು. ಅವಳನ್ನು ನಾನು ನೋಡಲೇ ಇಲ್ಲ.

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಯನ್ನು ನಾಲ್ವತ್ತು ವರ್ಷದವರೆಗೆ ಇಡಬೇಕೆಂದು ಕಾರ್ಖಾನೆಗಳಿಗೆ ಹೇಳಿತು. 1999ರಲ್ಲಿ ಬ್ರಿಟನ್ ಬಿಳಿ ಕಲ್ನಾರನ್ನೂ ನಿಷೇಧಿಸಿತು. ಈಗ ಪೇಟೆಯಲ್ಲಿ ಸಿಗುವ ಎಷ್ಟೋ ಕ್ಲಚ್ ಪ್ಲೇಟುಗಳ ಡಬ್ಬಿಯ ಮೇಲೆ ಇದರಲ್ಲಿ ಅಸ್ಬೆಸ್ಟಾಸ್ ಇಲ್ಲವೆಂದು ಅಚ್ಚಾಗಿರುತ್ತದೆ. ಅಂಗಳದಲ್ಲಿ ಕೆಲಸ ಮಾಡಿದವರ ದಾಖಲೆಯನ್ನು ಇಡಲು ಕಾರ್ಖಾನೆಯೇ ಇರಲಿಲ್ಲ, ಬಟ್ಟೆ ಒಗೆದವರದಂತೂ ದೂರ ಉಳಿಯಿತು.