ಗೊರಕೆಯೂ ವ್ಯಾಕ್ಯೂಮ್ ಕ್ಲೀನರೂ

ನಮ್ಮ ಮನೆತನದ ಗಂಡಸರೆಲ್ಲ ಗೊರಕೆಯಲ್ಲಿ ಕುಂಭಕರ್ಣನ ನೆಂಟರು. ಊರಲ್ಲಿ ಮದುವೆಮನೆಯ ರಾತ್ರಿ ಅಪ್ಪ, ಚಿಕ್ಕಪ್ಪ ಚಾವಡಿಯಲ್ಲಿ ಸಾಲಾಗಿ ಮಲಗಿದರೆ, "ಅಕ್ಕಿ ಮಿಲ್ಲು ಶುರುವಾಯ್ತು ನೋಡಿ" ಅಂತ ಅತ್ತೆಯಂದಿರು ನಗುತ್ತಿದ್ದರು. ಆ ಆಸ್ತಿಯಲ್ಲಿ ನನಗೂ ಪಾಲು ಬಂತು. ಮುಂಬೈಯ ಒಂದೇ ಕೋಣೆಯ ಮನೆಯಲ್ಲಿ ನನ್ನ ಹೆಂಡತಿಗೆ ತಪ್ಪಿಸಿಕೊಳ್ಳಲು ಇನ್ನೊಂದು ಗೋಡೆಯೂ ಇರಲಿಲ್ಲ. ಆದರೆ ಅವಳ ದೂರೇ ಬೇರೆ. "ನೀವು ಗೊರಕೆ ಹೊಡೆದರೆ ನನಗೆ ನಿದ್ದೆ ಬರ್ತದೆ ಮಾರಾಯ್ರೇ. ನಡುವೆ ನಿಲ್ಲಿಸ್ತೀರಲ್ಲ, ಆಗ ಹೆದರಿಕೆ ಆಗ್ತದೆ."

ಇಷ್ಟನ್ನು ಕಂಡುಕೊಳ್ಳಲು ವೈದ್ಯಲೋಕಕ್ಕೆ ತುಂಬಾ ಕಾಲ ಬೇಕಾಯಿತು.

ಡಿಕನ್ಸ್ 1836-37ರಲ್ಲಿ ಬರೆದ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ಜೋ ಎಂಬ ದಪ್ಪ ಹುಡುಗನಿದ್ದಾನೆ. ನಿಂತಲ್ಲೇ ನಿದ್ದೆ, ಕೂತಲ್ಲೇ ಗೊರಕೆ. ಓದುಗರು ನಕ್ಕರು. 1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ಇಂಥದೇ ಒಬ್ಬ ರೋಗಿಯ ಬಗ್ಗೆ ಬರೆದು, ಕಾಯಿಲೆಗೆ 'ಪಿಕ್‌ವಿಕ್' ಹೆಸರನ್ನೇ ಇಟ್ಟರು. ಆ ರೋಗಿ ಪೋಕರ್ ಆಡುತ್ತಾ ಮೂರು ಎಕ್ಕ, ಎರಡು ರಾಜ ಕೈಯಲ್ಲಿದ್ದಾಗಲೇ ನಿದ್ದೆ ಹೋದ ಆಸಾಮಿ! (ಇಸ್ಪೀಟು ಗೊತ್ತಿರುವವರಿಗೆ ಅವನ ಸಂಕಟ ಅರ್ಥವಾದೀತು.) ಊಟ ಕಡಿಮೆ ಮಾಡಿಸಿದರು, ತೂಕ ಇಳಿಯಿತು, ಹಗಲು ನಿದ್ದೆಯೂ ಬಿಟ್ಟಿತು. ಆದರೆ ಅದಕ್ಕೆ ಕಾರಣ ರಕ್ತದಲ್ಲಿ ಹೆಚ್ಚಿದ ಇಂಗಾಲದ ಡೈಆಕ್ಸೈಡ್ ಅಂದುಕೊಂಡರು.

1965ರಲ್ಲಿ ಫ್ರಾನ್ಸಿನ ಗಾಸ್ಟೋ ತಂಡ ಮತ್ತು ಜರ್ಮನಿಯ ಯುಂಗ್, ಕುಹ್ಲೋ ಬೇರೆ ಬೇರೆಯಾಗಿ ಇಂಥ ರೋಗಿಗಳು ಮಲಗಿದ್ದಾಗ ಉಸಿರಾಟವನ್ನು ದಾಖಲಿಸಿದರು. ಉಸಿರು ಮತ್ತೆ ಮತ್ತೆ ನಿಲ್ಲುತ್ತಿತ್ತು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಮುಚ್ಚುತ್ತದೆ, ಮಿದುಳು ಗಾಬರಿಯಿಂದ ಅರೆ ಎಚ್ಚರಾಗುತ್ತದೆ, ಒಂದು ದೊಡ್ಡ ಗೊರಕೆಯೊಂದಿಗೆ ದಾರಿ ತೆರೆಯುತ್ತದೆ. ರಾತ್ರಿಯಿಡೀ ಇದೇ ಆದರೆ ಹಗಲಿನ ಗತಿಯೇನು? ಎಲ್ಲ ಗೊರಕೆಯೂ ಇದಲ್ಲ ಬಿಡಿ. ಸದ್ದಿನ ನಡುವೆ ಮೌನ ಬಂದರೆ ಯೋಚಿಸಬೇಕು.

ಕಾಯಿಲೆ ತಿಳಿಯಿತು, ಸರಿ. ಮದ್ದು? 1969ರಲ್ಲಿ ಕುಹ್ಲೋ ತಂಡ ಪ್ರಕಟಿಸಿದ ಮದ್ದು ಕತ್ತಿನಲ್ಲಿ ತೂತು. ಮುಚ್ಚಿಹೋಗುವ ಜಾಗದ ಕೆಳಗೆ ಶ್ವಾಸನಾಳಕ್ಕೇ ಕೊಳವೆ ಇಟ್ಟು, ಹಗಲು ಬಿರಡೆ ಹಾಕಿ ಮಾತಾಡುವುದು, ರಾತ್ರಿ ತೆರೆದು ಮಲಗುವುದು. ಇದು ಚೆನ್ನಾಗಿ ಕೆಲಸ ಮಾಡುತ್ತಿತ್ತು, ಅದೇ ವಿಪರ್ಯಾಸ. ಕತ್ತಿನಲ್ಲಿ ತೂತಿಟ್ಟುಕೊಂಡು ಬದುಕಲು ಯಾರು ಮುಂದೆ ಬಂದಾರು?

1980ರ ಜೂನ್‌ನಲ್ಲಿ ಸಿಡ್ನಿಯಲ್ಲಿ ಒಬ್ಬ ಕಟ್ಟಡ ಕೆಲಸಗಾರ ಒಲ್ಲೆನೆಂದ. ಅವನ ಡಾಕ್ಟರು ಕಾಲಿನ್ ಸಲಿವನ್. ಅದಕ್ಕೂ ಮೊದಲು ಕೆನಡಾದ ಟೊರಾಂಟೋದಲ್ಲಿ ನಿದ್ದೆ ಮಾಡುವ ನಾಯಿಗಳ ಉಸಿರಾಟ ಅಧ್ಯಯನ ಮಾಡಿದ್ದವರು. ಹೊರಗಿನಿಂದ ಮೂಗಿಗೆ ಗಾಳಿ ಒತ್ತಿದರೆ ಕುಸಿಯುವ ಗಂಟಲು ತೆರೆದೇ ಇರಬಹುದಲ್ಲ ಎಂಬುದು ಅವರ ಯೋಚನೆ. ವ್ಯಾಕ್ಯೂಮ್ ಕ್ಲೀನರಿನ ಮೋಟಾರು, ಒಂದಿಷ್ಟು ಟ್ಯೂಬು, ಮೂಗಿಗೆ ಸಿಲಿಕೋನ್ ಅಂಟಿನಿಂದ ಅಂಟಿಸಿದ ಮಾಸ್ಕು. ಕಸ ಎಳೆಯುವ ಯಂತ್ರ ಗಾಳಿ ಊದಿತು! ಒತ್ತಡ ಏರಿಸಿದರೆ ಉಸಿರು ಸರಾಗ, ಇಳಿಸಿದರೆ ಮತ್ತೆ ಕಟ್ಟಿತು. ಇಳಿಸಿ ಏರಿಸಿ ಖಚಿತ ಮಾಡಿಕೊಂಡರು. ಆಮೇಲೆ ಆ ಮನುಷ್ಯನನ್ನು ಮಲಗಲು ಬಿಟ್ಟರು. ಸುಮಾರು ಏಳು ಗಂಟೆ ಗಾಢ ನಿದ್ದೆ ಮಾಡಿ, ಬೆಳಿಗ್ಗೆ ಲವಲವಿಕೆಯಿಂದ ಎದ್ದನಂತೆ. ಎಷ್ಟು ವರ್ಷಗಳ ನಿದ್ದೆ ಬಾಕಿ ಇತ್ತೋ!

1981ರ ಏಪ್ರಿಲ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಐದು ರೋಗಿಗಳ ವರದಿ ಬಂತು. ಬೇಕಾದ ಒತ್ತಡ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು, ಅಂದರೆ ಲೋಟದ ನೀರಿನಲ್ಲಿ ಸ್ಟ್ರಾ ಮುಳುಗಿಸಿ ಗುಳ್ಳೆ ಎಬ್ಬಿಸುವಷ್ಟು. ಇದೇ ಸಿಪ್ಯಾಪ್.

ಅದೇ 1981ರಲ್ಲಿ ಅಮೆರಿಕದಲ್ಲಿ ಫುಜಿತಾ ಕಿರುನಾಲಿಗೆ ಮತ್ತು ಅಂಗುಳಿನ ಸಡಿಲ ಮಾಂಸ ಕತ್ತರಿಸುವ ಶಸ್ತ್ರಚಿಕಿತ್ಸೆ ಪ್ರಕಟಿಸಿದರು. ಗೊರಕೆಗೆ ಇಂಥದ್ದನ್ನು ಜಪಾನಿನ ಇಕೆಮಾತ್ಸು ಮೊದಲೇ ಮಾಡಿದ್ದರು. ಕೆಲವರಿಗೆ ಗುಣ ಕಂಡಿತು, ಎಲ್ಲರಿಗೂ ಅಲ್ಲ. ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ದಂತಪಟ್ಟಿಯೂ ಇದೆ. 2006ರಲ್ಲಿ ಸ್ವಿಸ್ ವೈದ್ಯರು 25 ಜನರ ಒಂದು ಪ್ರಯೋಗದಲ್ಲಿ ಆಸ್ಟ್ರೇಲಿಯದ ಡಿಜೆರಿಡೂ ವಾದ್ಯ ಊದಿಸಿ ಲಾಭ ಕಂಡರು. ನಮ್ಮ ಬಿಲ್ಡಿಂಗಿನಲ್ಲಿ ಅದನ್ನು ಊದಿದರೆ ಸೊಸೈಟಿ ನೋಟಿಸು ಖಂಡಿತ. 2024ರ ಡಿಸೆಂಬರಿನಲ್ಲಿ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ, ಬೊಜ್ಜಿರುವವರ ಈ ಕಾಯಿಲೆಗೆಂದೇ ಅಮೆರಿಕ ಒಪ್ಪಿಗೆ ಕೊಟ್ಟಿತು. ತೂಕ ಇಳಿಸಿ ಅಂತ 1956ರಲ್ಲೇ ತೋರಿಸಿದ್ದರಲ್ಲ!

2022ರ ಫೆಬ್ರವರಿಯಲ್ಲಿ ಬಪ್ಪಿ ಲಾಹಿರಿ ಇದೇ ಮುಂಬೈಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣ ನಿದ್ದೆಯಲ್ಲಿ ಉಸಿರು ಕಟ್ಟುವ ಈ ಕಾಯಿಲೆ. ಆ ವಾರವೇ ನನ್ನವಳು ನನ್ನನ್ನು ಪರೀಕ್ಷೆಗೆ ಎಳೆದುಕೊಂಡು ಹೋದಳು. ಈಗ ಮಾಸ್ಕು ಹಾಕಿಯೇ ಮಲಗುವುದು. ಮೊದಲ ತಿಂಗಳು ಅದನ್ನು ಕಿತ್ತೆಸೆಯದ ರಾತ್ರಿಯಿಲ್ಲ, ಸುಳ್ಳು ಯಾಕೆ ಹೇಳಲಿ.

ಊರಲ್ಲಿ ಅಣ್ಣನಿಗೆ ಮಾತ್ರ ಇದೆಲ್ಲ ಮುಂಬೈಯವರ ಶೋಕಿ. ಮಧ್ಯಾಹ್ನ ಪೇಪರ್ ಹಿಡಿದಲ್ಲೇ ತೂಗುತ್ತಾನೆ. ಸ್ಕೂಟರಿನಲ್ಲಿ ಒಮ್ಮೆ ಕಣ್ಣು ಮುಚ್ಚಿಹೋಯಿತು ಅಂತ ಅತ್ತಿಗೆ ಫೋನಿನಲ್ಲಿ ಮೆಲ್ಲಗೆ ಹೇಳಿದರು. "ಅವರು ಗೊರಕೆ ಹೊಡೆಯುವಾಗ ನಡುವೆ ನಿಲ್ಲಿಸ್ತಾರಾ ಅತ್ತಿಗೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಹೌದು, ನಿನಗೆ ಹೇಗೆ ಗೊತ್ತಾಯ್ತು?" ಅಂದರು. ಶುಕ್ರವಾರದ ರೈಲಿಗೆ ಟಿಕೆಟ್ ತೆಗೆದಿದ್ದೇನೆ.