ಔಯರ್ ಶಲಾಕೆಗಳು: ಒಂದು ರೋಗಲಿಂಗದ ಚರಿತ್ರೆ

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಕ್ರಮವು ತರ್ಕವನ್ನು ಓದಿದವರಿಗೆಲ್ಲ ವಿದಿತವೇ ಆಗಿದೆ. ಲಿಂಗವು ಯಥಾರ್ಥವಾಗಿ ಕಂಡರೂ ಅದರ ಆಶ್ರಯವನ್ನು ಅನ್ಯಥಾ ಗ್ರಹಿಸುವುದುಂಟು. ರಕ್ತವ್ಯಾಧಿಗಳ ಚರಿತ್ರೆಯಲ್ಲಿ ಇದಕ್ಕೆ ವಿಚಾರಾರ್ಹವಾದ ಒಂದು ನಿದರ್ಶನವು ದೊರೆಯುತ್ತದೆ.

1845ರಲ್ಲಿ ಬೆನೆಟ್ಟನೂ ವಿರ್ಖೋವನೂ ಬೇರೆ ಬೇರೆಯಾಗಿ ವರ್ಣಿಸಿದ ವ್ಯಾಧಿಯೊಂದಕ್ಕೆ ವಿರ್ಖೋವನು 1847ರಲ್ಲಿ ಲ್ಯೂಕೀಮಿಯ ಎಂದು ಹೆಸರಿಟ್ಟನು. ಗ್ರೀಕಿನಲ್ಲಿ ಅದಕ್ಕೆ ಬಿಳಿಯ ರಕ್ತವೆಂದು ಅರ್ಥ. ರಕ್ತಕಣಗಳು ಎಲುಬಿನೊಳಗಣ ಮಜ್ಜೆಯಲ್ಲಿ ಹುಟ್ಟುವುವೆಂದು ನ್ಯೂಮನ್ನನು 1868ರಲ್ಲಿ ತೋರಿಸಿದನು. ಎರ್ಲಿಖನು ಕೃತಕ ಬಣ್ಣಗಳನ್ನು ಹತ್ತಿಸಿ ಬಿಳಿಯ ಕಣಗಳ ಜಾತಿಭೇದವನ್ನು ಕಾಣಿಸಿದನು. ಮಜ್ಜಾಜನ್ಯ ಕಣಗಳ ಆದಿರೂಪಕ್ಕೆ 1900ರಲ್ಲಿ ನೇಗೆಲಿಯು ಮೈಲೋಬ್ಲಾಸ್ಟ್ ಎಂಬ ಹೆಸರನ್ನು ಕೊಟ್ಟನು. ಆದರೂ ಈ ವಿವೇಕವು ಎಲ್ಲರಿಗೂ ಒಡನೆಯೇ ಸಮ್ಮತವಾಗಲಿಲ್ಲ. ತೀವ್ರ ಲ್ಯೂಕೀಮಿಯದಲ್ಲಿ ಕಾಣುವ ದೊಡ್ಡ ಎಳೆಯ ಕಣಗಳನ್ನು ದುಗ್ಧರಸದ ಕಣಗಳೆಂದು, ಎಂದರೆ ಲಿಂಫೋಸೈಟುಗಳೆಂದು, ಕರೆಯುವ ವಾಡಿಕೆಯು ಇನ್ನೂ ಇದ್ದಿತು.

ಹೀಗಿರಲಾಗಿ, ಅಮೆರಿಕೆಯ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದ ಜಾನ್ ಔಯರ್ ಎಂಬ ತರುಣ ವೈದ್ಯನು, ತೀವ್ರ ಲ್ಯೂಕೀಮಿಯದಿಂದ ಪೀಡಿತನಾದವನೊಬ್ಬನ ರಕ್ತದಲ್ಲಿ, ಕಣಗಳೊಳಗೆ ಸಣ್ಣ ಕಡ್ಡಿಗಳಂತಿದ್ದ ಆಕೃತಿಗಳನ್ನು ಕಂಡನು. ಅವು ಹಿಂದೆ ಯಾರೂ ವರ್ಣಿಸದವೆಂದು ತಿಳಿದು 1906ರಲ್ಲಿ ಪ್ರಕಟಿಸಿದನು. ಆ ಲೇಖನದ ಶಿರೋನಾಮೆಯಲ್ಲಿಯೇ ಕಣಗಳನ್ನು ಬೃಹತ್ ಲಿಂಫೋಸೈಟುಗಳೆಂದು ಹೇಳಿರುವನು. ಕಂಡುದು ಸತ್ಯ, ಆಶ್ರಯದ ನಾಮಕರಣವು ಮಾತ್ರ ತಪ್ಪು. ಇದನ್ನು ಔಯರನೊಬ್ಬನ ದೋಷವೆನ್ನುವುದು ನ್ಯಾಯವಲ್ಲ, ಆ ಕಾಲದ ಪರಿಭಾಷೆಯೇ ಹಾಗಿದ್ದಿತು.

ಆ ಶಲಾಕೆಗಳು ಮಜ್ಜಾಜನ್ಯ ಕಣಗಳಲ್ಲಿರುವ ಸೂಕ್ಷ್ಮ ಹರಳುಗಳು ಒಂದಕ್ಕೊಂದು ಕೂಡಿ ಆದವುಗಳೆಂದು ಮುಂದೆ ಸಿದ್ಧವಾಯಿತು. ಪೆರಾಕ್ಸಿಡೇಸ್ ಪರೀಕ್ಷೆಗೆ ಅವು ಬಣ್ಣವೇರುವುವು, ಲಿಂಫೋಬ್ಲಾಸ್ಟುಗಳು ಏರುವುದಿಲ್ಲ. ಹೀಗೆ ಲಿಂಫೋಸೈಟಿನ ಹೆಸರಿನಲ್ಲಿ ಪ್ರಕಟವಾದ ಚಿಹ್ನೆಯೇ ಲಿಂಫೋಸೈಟಿನ ಪಕ್ಷವನ್ನು ಖಂಡಿಸುವ ಸಾಧನವಾಯಿತು! ಎಳೆಯ ಕಣದಲ್ಲಿ ಶಲಾಕೆಯು ಕಂಡರೆ ರೋಗವು ಮಜ್ಜಾಜನ್ಯವೆಂದು ನಿಶ್ಚಯಿಸಬಹುದು. ಕಾಣದಿದ್ದರೆ ಅಲ್ಲವೆಂದು ಹೇಳುವಂತಿಲ್ಲ. ತೀವ್ರ ಮಜ್ಜಾಜನ್ಯ ಲ್ಯೂಕೀಮಿಯವುಳ್ಳ ಅನೇಕರಲ್ಲಿ ಅವು ಕಾಣುವುದೇ ಇಲ್ಲ. ಕಾದ ಕಬ್ಬಿಣದ ಉಂಡೆಯಲ್ಲಿ ಹೊಗೆಯಿಲ್ಲದೆಯೂ ಬೆಂಕಿಯಿರುವುದಷ್ಟೆ. ಕಂಡಮಾತ್ರಕ್ಕೆ ರೋಗವು ತೀವ್ರಾವಸ್ಥೆಯದೇ ಎಂದೂ ಸಾಧಿಸಲಾಗದು. ಮಜ್ಜೆಯ ಪೂರ್ವವಿಕಾರಗಳಲ್ಲಿಯೂ ಅವು ಒಮ್ಮೊಮ್ಮೆ ತೋರುವುವು.

ಈ ಲಿಂಗದ ಬೆಲೆಯು ಪ್ರಾಣದ ಬೆಲೆಯೇ ಆದುದು ಒಂದು ಪ್ರಭೇದದಲ್ಲಿ. 1957ರಲ್ಲಿ ನಾರ್ವೆ ದೇಶದ ಹಿಲ್ಲೆಸ್ಟಾಡನು ಮೂವರು ರೋಗಿಗಳಲ್ಲಿ, ರಕ್ತಸ್ರಾವದಿಂದ ಕೆಲವೇ ವಾರಗಳಲ್ಲಿ ಕೊಲ್ಲುವ ಲ್ಯೂಕೀಮಿಯವನ್ನು ವರ್ಣಿಸಿದನು. ಪ್ರೋಮೈಲೋಸೈಟಿಕ್ ಎಂದು ಅದರ ಹೆಸರು. ಇದರಲ್ಲಿ ಶಲಾಕೆಗಳು ಒಂದೊಂದಾಗಿರದೆ, ಒಂದೇ ಕಣದಲ್ಲಿ ಸೌದೆಯ ಹೊರೆಯಂತೆ ಕಟ್ಟುಕಟ್ಟಾಗಿರುವುದುಂಟು. 1988ರಲ್ಲಿ ಷಾಂಘಾಯಿ ನಗರದ ವೈದ್ಯರು ಎ ಜೀವಸತ್ವದಿಂದ ಜನ್ಯವಾದ ರೆಟಿನಾಯಿಕ್ ಆಮ್ಲವನ್ನು ಈ ರೋಗದ 24 ಮಂದಿಗೆ ಕೊಟ್ಟುದನ್ನು ಪ್ರಕಟಿಸಿದರು. ಎಲ್ಲರ ರೋಗವೂ ಶಮನಕ್ಕೆ ಬಂದಿತು, ಒಬ್ಬರಿಗೆ ಮಾತ್ರ ಬೇರೆ ಔಷಧವನ್ನೂ ಸೇರಿಸಬೇಕಾಯಿತು. ಈಗ ಗಾಜಿನ ಫಲಕದ ಮೇಲೆ ಅಂತಹ ಹೊರೆಯನ್ನು ಕಂಡ ವೈದ್ಯನು, ವರ್ಣತಂತುಗಳ ಪರೀಕ್ಷೆಯ ಫಲವು ಬರುವವರೆಗೆ ಕಾಯದೆ, ಅಂದೇ ಆ ಔಷಧವನ್ನು ಆರಂಭಿಸುವನು.