ಮನೆಯಲ್ಲಿ ಹೊಲಿದ ಮದುವೆಯುಡುಪು

ವಧುವಿನ ಶ್ವೇತವಸ್ತ್ರವು ಧರ್ಮಸಭೆಯ ಕಟ್ಟಳೆಯೆಂದು ಕುಂದಾಣದ ಭಕ್ತಾದಿಗಳಲ್ಲಿ ಕೆಲವರು ಭಾವಿಸಿರುವುದುಂಟು. ಚರಿತ್ರೆ ಹಾಗೆ ಹೇಳುವುದಿಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆಯು ವಿವಾಹಕ್ಕೆ ಗುರುಗಳ ಹಾಗೂ ಸಾಕ್ಷಿಗಳ ಸಮ್ಮುಖವನ್ನು ವಿಧಿಸಿತೇ ಹೊರತು ಉಡುಪಿನ ಬಣ್ಣವನ್ನಲ್ಲ. 1840ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯು ಬಿಳಿಯುಡುಪಿನಲ್ಲಿ ಮದುವೆಯಾದ ತರುವಾಯ ಆ ರೂಢಿ ಯೂರೋಪಿನಲ್ಲಿ ಹರಡಿ, ಮಿಷನರಿಗಳ ಕಾಲದಲ್ಲಿ ನಮ್ಮ ನಾಡನ್ನೂ ಮುಟ್ಟಿತು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆಯಾ ನಾಡಿನ ಶ್ಲಾಘ್ಯ ವಿವಾಹ ಪದ್ಧತಿಗಳನ್ನು ಉಳಿಸಿಕೊಳ್ಳಬೇಕೆಂದು ಬಯಸಿತು.

ನಮ್ಮ ಜನ ಆ ಬಿಳುಪನ್ನು ಗೌನಿಗಿಂತ ಹೆಚ್ಚಾಗಿ ಸೀರೆಯಲ್ಲಿಯೇ ಉಳಿಸಿಕೊಂಡರು. 1854ರಲ್ಲಿ ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು ಬೆಂಗಳೂರಿಗೆ ಬಂದರು; ಅಂತಹ ಕಾನ್ವೆಂಟುಗಳಲ್ಲಿ ಹೊಲಿಗೆಯೂ ಹೆಣ್ಣುಮಕ್ಕಳ ವಿದ್ಯೆಯಾಗಿತ್ತು. ಮುಂದೆ ತುಳಿಯುವ ಯಂತ್ರವು ಹಳ್ಳಿಯ ಮನೆಗಳಿಗೂ ಬಂದಿತು. ತನ್ನ ರವಿಕೆಯನ್ನು ತಾನೇ ಹೊಲಿದು, ಮುಸುಕಿನ ಅಂಚಿಗೆ ತಾನೇ ಲೇಸು ಕಟ್ಟಿ ಬಲಿಪೀಠದ ಮುಂದೆ ನಿಂತ ವಧುಗಳಿಗೆ ನಾನು ವಿವಾಹ ಸಂಸ್ಕಾರವನ್ನು ನೆರವೇರಿಸಿದ್ದೇನೆ. ಅವರ ಸಂಸ್ಕಾರದಲ್ಲಿ ಯಾವ ಕೊರತೆಯೂ ಇರಲಿಲ್ಲ.

ಇಂದು ಒಂದು ದಿನದ ಉಡುಪಿಗಾಗಿ ಸಾಲಮಾಡುವ ಕುಟುಂಬಗಳನ್ನು ಕಂಡಾಗ ಮನಸ್ಸು ನೋಯುತ್ತದೆ. ಗುರುಗಳು ಅಲ್ಲಿ ಕೇಳುವುದು ವಧೂವರರ ಮನಃಪೂರ್ವಕ ಸಮ್ಮತಿಯನ್ನು ಮಾತ್ರ. ಪ್ರಿಯ ತಂದೆತಾಯಿಗಳೇ, ನಿಮ್ಮ ಮಗಳು ಸೂಜಿ ಹಿಡಿದರೆ ನಾಚದಿರಿ. ಸಾಲವಿಲ್ಲದ ಮನೆಯಿಂದ ಆಕೆಯನ್ನು ಹರಸಿ ಕಳುಹಿಸಿರಿ.